ನೀರಿನ ಗುಳಿಗೆ

ಅಂಗೈಯ ಬೆವರಿಗೆ ಗುಳಿಗೆಯ ಅಂಚು ಕರಗತೊಡಗಿತ್ತು. ದೇವಕಮ್ಮ ಅದನ್ನು ಬಲಗೈಯಿಂದ ಎಡಗೈಗೆ ದಾಟಿಸಿ, ಬೆರಳಿಗೆ ಅಂಟಿದ ಬಿಳಿ ಪುಡಿಯನ್ನು ಸೆರಗಿಗೆ ಒರೆಸಬೇಕೋ ನೆಕ್ಕಬೇಕೋ ತಿಳಿಯದೆ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಒರೆಸಿದರೆ ಅಷ್ಟು ಔಷಧಿ ಕಡಿಮೆಯಾದಂತೆ. ಡಾಕ್ಟರು ನಿನ್ನೆ ಹೇಳಿದ್ದು ದಿನಕ್ಕೊಂದು, ಇಡಿಯದೊಂದು. ನೆಕ್ಕಿದರೆ ನುಂಗಲು ಶುರು ಮಾಡಿದಂತೆ, ಮತ್ತೆ ಹಿಂದೆ ಸರಿಯುವಂತಿಲ್ಲ. ಇಷ್ಟು ಸಣ್ಣದರಲ್ಲಿ ಇಷ್ಟು ಹೊತ್ತು ಸಿಕ್ಕಿಕೊಳ್ಳುವವರು ಬೇರೆ ಯಾರಾದರೂ ಇದ್ದಾರೆಯೇ ಎಂದು ಅವಳಿಗೆ ನಾಚಿಕೆಯಾಯಿತು. ಬುದ್ಧನ ಪಟದ ಹಿಂದಿನ ಸ್ಟೀಲಿನ ಡಬ್ಬಿಯಲ್ಲಿ ಇನ್ನೆರಡು ಬಗೆಯ ಗುಳಿಗೆಗಳಿದ್ದವು, ಹಳದಿಯವು ಮತ್ತು ತಿಳಿಗೆಂಪಿನವು, ಎರಡೂ ಅರ್ಧಕ್ಕೆ ಬಿಟ್ಟವು. ಮೂರೂ ರಕ್ತದೊತ್ತಡಕ್ಕೇ ಕೊಟ್ಟವು. ಮೂರರಲ್ಲಿ ತನ್ನ ಮೈಗೆ ಹೊಂದುವುದು ಯಾವುದು ಎಂದು ಡಾಕ್ಟರು ಹುಡುಕುತ್ತಲೇ ಇದ್ದರು. ಹುಡುಕುವವರಿಗೆ ತಪ್ಪು ದಾರಿ ತೋರಿಸುತ್ತ ಬಂದವಳು ತಾನು. ಗೋಡೆ ಬದಿಯ ಹೊರಸಿನ ಮೇಲೆ ತಾಯಿ ಮೋನಮ್ಮ ಮಲಗಿ ಇವಳ ಕೈಯನ್ನೇ ನೋಡುತ್ತಿದ್ದಳು. ಅವಳ ಬಾಯಿ ಎಡಕ್ಕೆ ವಾಲಿತ್ತು. ಹೋದ ವರ್ಷ ನಸುಕಿನಲ್ಲಿ ಓಣಿಯ ಹೆಂಗಸರೊಂದಿಗೆ ಕಾಲುವೆಯ ಏರಿಯ ಕಡೆ ಹೋದವಳು ಅಲ್ಲೇ ಬಿದ್ದಿದ್ದಳು. ಒತ್ತಡ ಏರಿ ಲಕ್ವಾ ಹೊಡೆದಿದೆ ಎಂದ ಡಾಕ್ಟರು, ಕನ್ನಡಕದ ಮೇಲಿಂದ ಇವಳನ್ನು ನೋಡಿ, ನೀವೂ ಒಮ್ಮೆ ತೋರಿಸಿಕೊಳ್ಳಿ ಎಂದಿದ್ದರು. ಅಂದಿನಿಂದ ದೇವಕಮ್ಮನಿಗೆ ಒಂದು ಚಟ ಅಂಟಿತ್ತು. ಬೆಳಿಗ್ಗೆ ಬಾಯಿ ತುಂಬ ನೀರು ತುಂಬಿಕೊಂಡು, ಎಡ ತುಟಿಯ ಮೂಲೆಯಿಂದ ಸೋರುತ್ತದೆಯೇ ಎಂದು ಬೆರಳಿಟ್ಟು ನೋಡಿಕೊಳ್ಳುವುದು.

ಉಪಕಾಲುವೆಯ ಗೇಟು ಕಾಯುವ ಅಂಬ್ರಪ್ಪ ಪಾಳಿ ಮುಗಿಸಿ ಬಂದವನು, ಕೆಸರು ಮೆತ್ತಿದ ಚಪ್ಪಲಿಯನ್ನು ಹೊರಗೆ ಬಡಿಯುತ್ತ ಹೆಂಡತಿಯನ್ನು ಕಂಡು ನಕ್ಕ.

“ಇನ್ನಾ ಕೈಯಾಗ ಹಿಡ್ಕೊಂಡೇ ನಿಂತೀಯೇನು? ಅದೇನು ತತ್ತಿ ಅಂತ ಮಾಡೀಯಾ, ಕಾವು ಕೊಟ್ಟು ಮರಿ ಮಾಡಾಕ?”

“ಬಸ್ಸಿಗೆ ಇನ್ನಾ ಟೈಮ್ ಅದ.”

“ಬಸ್ಸಿಂದ್ಯಾಕ ತಗೀತಿ ಈಗ? ನಾ ಹೇಳಿದ್ರ ನೀ ಕೇಳಂಗಿಲ್ಲ. ಪಾಳಿ ಹಚ್ಚು. ದಿನಾ ನೀರು ಬಿಟ್ರ ಯಾವ ಕಾಲುವಿ ತಡೀತದ? ಒಂದೀಟು ದಿನ ಬಿಡಬೇಕು, ಒಂದೀಟು ದಿನ ಬಂದ್ ಮಾಡಬೇಕು.”

“ಡಾಕ್ಟರ್ ದಿನಾ ಅಂದಾರ.”

“ಡಾಕ್ಟರ್ ಎಂದಾದ್ರೂ ಗೇಟ್ ತಿರುವ್ಯಾನೇನು?”

ತಮಾಷೆಯಾಗಿ ಆಡಿದ ಮಾತಲ್ಲ ಅದು. ಮೊದಲ ಸಲ ಈ ಗುಳಿಗೆ ಬಂದಾಗಲೂ ಅವನು ಹೀಗೆಯೇ ಹೇಳಿದ್ದ, ಅವಳು ಹಾಗೆಯೇ ಮಾಡಿದ್ದಳು. ಪಾಠ ಮಾಡಲು ಶಾಲೆಗೆ ಹೋಗುವ ದಿನ ಬಂದ್, ರಜೆಯಲ್ಲಿ ಚಾಲೂ. ಯಾದಗಿರಿಯ ಕಾಲೇಜಿನಲ್ಲಿ ಬಿ.ಎ. ಓದಿದವಳು, ದೇಹಕ್ಕೂ ಕಾಲುವೆಗೂ ಇರುವ ವ್ಯತ್ಯಾಸ ತಿಳಿಯದವಳೇನಲ್ಲ. ಗಂಡನ ಮಾತನ್ನು ಅವಳು ನಂಬಿರಲಿಲ್ಲ. ಅದು ಅನುಕೂಲವಾಗಿತ್ತು ಅಷ್ಟೇ. ನಂಬದೆಯೂ ಒಂದು ಮಾತನ್ನು ಇಷ್ಟು ನಿಷ್ಠೆಯಿಂದ ಪಾಲಿಸಬಹುದು ಎಂಬುದು ಅವಳಿಗೇ ವಿಚಿತ್ರವಾಗಿ ಕಂಡಿತ್ತು. ಈಗ ಗುಳಿಗೆಯನ್ನು ನಾಲಿಗೆಯ ಮೇಲಿಟ್ಟು ಒಂದೇ ಗುಟುಕು ನೀರು ಕುಡಿದಳು. ಎರಡನೆಯ ಗುಟುಕಿಗೆ ಧೈರ್ಯವಾಗಲಿಲ್ಲ. ಗುಳಿಗೆ ಗಂಟಲಲ್ಲಿ ನಿಂತಂತಾಗಿ ಕಹಿ ಹರಡಿತು. ಮೋನಮ್ಮ ತನ್ನ ಸರಿಯಿದ್ದ ಕೈಯಿಂದ ಹೊರಸಿನ ಪಟ್ಟಿಯನ್ನು ಮೆಲ್ಲಗೆ ಬಡಿದಳು. ಅದು ಮೆಚ್ಚುಗೆಯೋ, ತನ್ನನ್ನು ಮಗ್ಗಲು ಬದಲಿಸಿ ಮಲಗಿಸೆಂಬ ಸನ್ನೆಯೋ. ದೇವಕಮ್ಮ ಹೋಗಿ ಮಗ್ಗಲು ಬದಲಿಸಿದಳು. ತಾಯಿ ಮತ್ತೆ ಬಡಿದಳು.

ಬಸ್ಸು ಕಾಲುವೆಯ ಪಕ್ಕದಲ್ಲೇ ಸುರಪುರದ ದಿಕ್ಕಿಗೆ ಓಡುತ್ತಿತ್ತು. ಕಿಟಕಿಯ ಹೊರಗೆ ನಾಟಿ ಮಾಡಿದ ಗದ್ದೆಗಳು; ತಾನು ಚಿಕ್ಕವಳಿದ್ದಾಗ ಇಲ್ಲಿ ಜೋಳ, ಸಜ್ಜೆಯ ಕರಿನೆಲವಿತ್ತು, ಎಲ್ಲಿ ಬೇಕಾದರೂ ಎದೆಮಟ್ಟದ ಮರೆ ಇತ್ತು ಎಂದು ನೆನಪಾಯಿತು. ಭತ್ತ ಮರೆಮಾಡುವುದಿಲ್ಲ. ಹೆಂಗಸೊಬ್ಬಳು ಕುಳಿತರೆ ಮೈಲಿ ದೂರಕ್ಕೆ ಕಾಣುತ್ತಾಳೆ. ಇಂಥ ಯೋಚನೆಗಳು ಈಚೆಗೆ ತನಗೆ ಎಲ್ಲೆಂದರಲ್ಲಿ ಬರುತ್ತಿದ್ದವು. ಹೊಸ ಊರು ಕಂಡರೆ ಮೊದಲು ಕಣ್ಣು ಹುಡುಕುವುದು ಗೋಡೆಗಳನ್ನು, ಜಾಲಿಯ ಪೊದೆಗಳನ್ನು. ಮೊದಲ ಸಲ ಈ ಬಿಳಿ ಗುಳಿಗೆಯನ್ನು ಕೊಡುವಾಗ ಶಹಾಪುರದ ದವಾಖಾನೆಯ ನರ್ಸು ಜೈತುನಬೀ ಎಲ್ಲರಿಗೂ ಕೇಳುವಂತೆ, “ಇದು ನೀರಿನ ಗುಳಿಗಿ ಅದ ಟೀಚರ್. ಮೈಯಾಗಿನ ನೀರು ತಗದು ಹೊರಗ ಹಾಕ್ತದ. ಘಳಿಗಿಗೊಮ್ಮಿ ಹೋಗಬೇಕಾಗ್ತದ, ಫಿಕರ್ ಮಾಡಬ್ಯಾಡ್ರಿ,” ಎಂದಿದ್ದಳು. ಬೆಂಚಿನ ಮೇಲೆ ಕುಳಿತಿದ್ದ ಗಂಡಸರು ಬೇರೆ ಕಡೆ ನೋಡಿದ್ದರು. ಫಿಕರ್ ಮಾಡದಿರುವುದು ಹೇಗೆ? ಅವಳು ಕಲಿಸುವ ಶಾಲೆಯಲ್ಲಿ ಕೋಣೆಗಳಿದ್ದವು, ಧ್ವಜದ ಕಂಬವಿತ್ತು, ಗಂಟೆಯಿತ್ತು, ಅದೊಂದು ಇರಲಿಲ್ಲ. ಹುಡುಗರಿಗೂ ಹೆಡ್‌ಮಾಸ್ತರರಿಗೂ ಹಿಂದಿನ ಗೋಡೆ ಸಾಕಾಗಿತ್ತು. ಇನ್ನೊಬ್ಬ ಶಿಕ್ಷಕಿ ಸೂಗಮ್ಮ, ಕೆಂಭಾವಿಯ ಕಡೆಯವಳು, ಬಿಡುವಿನ ಗಂಟೆ ಬಾರಿಸಿದೊಡನೆ ಎದುರಿನ ಬಸ್ಸಮ್ಮನ ಮನೆಗೆ ಹೋಗುತ್ತಿದ್ದಳು. ಬಸ್ಸಮ್ಮ ಸೂಗಮ್ಮನ ಪೈಕಿಯವಳೇ, ಒಂದೇ ಜಾತಿ. ಆ ಮನೆಯ ಹಿತ್ತಲಲ್ಲಿ ತಗಡಿನ ಬಾಗಿಲಿನ ಪಾಯಖಾನೆಯಿತ್ತು.

ಆ ಮೊದಲ ದಿನ ಸೂಗಮ್ಮ ಅವಳ ಮುಖ ನೋಡಿ, “ಯಾಕ ಹಿಂಗ ಒದ್ದಾಡಾಕತ್ತೀದಿ ಮಾರಾಯ್ತಿ? ಬಾ ನನ್ನ ಸಂಗಾಟ,” ಎಂದು ಕೈಹಿಡಿದು ಕರೆದೊಯ್ದಿದ್ದಳು. ಬಸ್ಸಮ್ಮ ನಗುಮುಖದಿಂದಲೇ, “ಬರ್ರಿ ಟೀಚರ್. ಯಾವೂರವ್ರು ನೀವು?” ಎಂದಿದ್ದಳು. “ವನದುರ್ಗರಿ.” “ವನದುರ್ಗದಾಗ ಯಾರ ಪೈಕಿ?” ದೇವಕಮ್ಮ ಓಣಿಯ ಹೆಸರು ಹೇಳಿದ್ದಳು. ಓಣಿಯ ಹೆಸರು ಹೇಳಿದರೆ ಎಲ್ಲವನ್ನೂ ಹೇಳಿದಂತೆಯೇ. “ಹಾಂ ಹಾಂ, ಗೊತ್ತದ ಬಿಡ್ರಿ,” ಎಂದು ಬಸ್ಸಮ್ಮ ಹಿತ್ತಲ ಬಾಗಿಲು ತೋರಿಸಿದ್ದಳು. ಮರಳುವಾಗ ಚಹಾ ಬಂತು. ಸೂಗಮ್ಮನಿಗೆ ಸ್ಟೀಲಿನ ಲೋಟದಲ್ಲಿ, ಇವಳಿಗೆ ಹೂವಿನ ಚಿತ್ರದ ಪಿಂಗಾಣಿ ಕಪ್ಪಿನಲ್ಲಿ. ಅದು ಹೊಸಬರಿಗೆ ತೋರುವ ಮರ್ಯಾದೆಯೋ, ಬೇರೆಯಾಗಿ ಇಡುವ ಕಪ್ಪೋ? ಕುಡಿಯುತ್ತ ಅದರ ಅಂಚನ್ನು ನೋಡಿದಳು, ಎಲ್ಲೂ ಸೀಳಿರಲಿಲ್ಲ. ರಸ್ತೆ ದಾಟುವಾಗ ಹಿಂದಿನಿಂದ ನೀರು ಸುರಿದ ಸದ್ದು ಕೇಳಿ ತಿರುಗಿದಳು. ಬಸ್ಸಮ್ಮ ಕೊಡ ಬಗ್ಗಿಸಿ, ಹಿತ್ತಲ ಬಾಗಿಲಿನಿಂದ ಅಂಗಳದವರೆಗೆ ಹಾಸಿದ ಕಲ್ಲುಗಳ ಮೇಲೆ ನೀರು ಹೊಯ್ಯುತ್ತಿದ್ದಳು. ತಾನು ಆಗಷ್ಟೇ ನಡೆದು ಬಂದ ಕಲ್ಲುಗಳು. ಅಂಗಳವನ್ನು ಯಾರೂ ತೊಳೆಯಬಹುದು. ಅದು ಅವರು ತೊಳೆಯುವ ಹೊತ್ತೇ ಇರಬಹುದು. ಸೂಗಮ್ಮ ಒಬ್ಬಳೇ ಹೋದ ದಿನ ತೊಳೆಯುತ್ತಾರೆಯೇ ಎಂದು ನೋಡಲು, ಮರುದಿನ ದೇವಕಮ್ಮ ತರಗತಿಯ ಕಿಟಕಿಯಲ್ಲಿ ನಿಂತಳು. ಆಗಲೇ ಎತ್ತಿನ ಬಂಡಿಯೊಂದು ಬಂದು ಎದುರಿಗೆ ನಿಂತು ಏನೂ ಕಾಣಲಿಲ್ಲ. ಅದರ ಮರುದಿನ ನೋಡುವುದಕ್ಕೆ ತಾನೇ ಹೆದರಿದಳು. ತೊಳೆಯದಿದ್ದರೆ? ಆಗ ತಿಳಿದುಬಿಡುತ್ತಿತ್ತು. ತಿಳಿಯದೆ ಇರುವುದರಲ್ಲಿ ಒಂದು ಸವಲತ್ತಿದೆ, ಅದನ್ನು ಕಳೆದುಕೊಳ್ಳಲು ಮನಸ್ಸು ಬರಲಿಲ್ಲ. ಆದರೆ ಆ ಮನೆಗೆ ಮತ್ತೆ ಹೋಗಲೂ ಇಲ್ಲ, ಶಾಲೆಯ ದಿನ ಗುಳಿಗೆಯನ್ನು ನುಂಗಲೂ ಇಲ್ಲ.

ಡಾಕ್ಟರಿಗೆ ಮಾತ್ರ, “ತಲಿ ತಿರುಗ್ತದ್ರಿ ಇದಕ್ಕ,” ಎಂದಿದ್ದಳು. ತಲೆ ತಿರುಗುವುದು ಗೌರವದ ಕಾಯಿಲೆ, ಯಾರ ಮುಂದೆಯೂ ಹೇಳಬಹುದು. ಅದು ದಸರೆಯ ರಜೆ ಮುಗಿದ ವಾರ; ರಜೆಯಿಡೀ ಮನೆಯಲ್ಲಿದ್ದು ದಿನವೂ ನುಂಗಿದ್ದರಿಂದ ಒತ್ತಡ ಇಳಿದು ಹದಕ್ಕೆ ಬಂದಿತ್ತು. ಡಾಕ್ಟರು ಪಟ್ಟಿ ಬಿಚ್ಚುತ್ತ, ಇಷ್ಟು ಛಲೋ ಕೆಲಸ ಮಾಡುವ ಗುಳಿಗೆಯನ್ನು ಯಾಕೆ ಬದಲಿಸಬೇಕು ಎಂದು ಗೊಂದಲಪಟ್ಟರು, ಆದರೂ ಬದಲಿಸಿದರು. ಹಳದಿಯದು ಬಂತು. ಅದಕ್ಕೆ ಕಾಲು ಬಾತವು. ಸಂಜೆಯ ಹೊತ್ತಿಗೆ ಕಾಲುಂಗುರಗಳು ಬೆರಳಲ್ಲಿ ಹೂತುಹೋಗಿ ನೀಲಿಗಟ್ಟುತ್ತಿದ್ದವು. ಸಾಬೂನು ಹಚ್ಚಿ ಎಳೆದು ತೆಗೆದ ಮರುದಿನ ಓಣಿಯ ಹುಸೇನಬೀ ಕಾಲು ನೋಡಿ ಗಾಬರಿಯಾಗಿ, “ಯಾ ಅಲ್ಲಾ! ಅಂಬ್ರಪ್ಪ ಆರಾಮ ಇದ್ದಾನಿಲ್ಲ?” ಎಂದು ಕೇಳಿದ್ದಳು. ಅಂಬ್ರಪ್ಪ ಒಳಗಿನಿಂದ, “ಇದ್ದೀನಿ ಚಾಚೀ, ಇನ್ನಾ ಚಹಾನೇ ಕುಡಿದಿಲ್ಲ,” ಎಂದು ಕೂಗಿದ್ದ. ಎಲ್ಲರೂ ನಕ್ಕರು, ದೇವಕಮ್ಮನೂ ನಕ್ಕಳು. ಶಾಲೆಯಲ್ಲಿ ಯಾರೂ ಕೇಳಲಿಲ್ಲ, ಬರೀ ಬೆರಳು ನೋಡಿದರು. ಅದು ಹೆಚ್ಚು ಕಷ್ಟವಾಗಿತ್ತು. ಆಮೇಲೆ ತಿಳಿಗೆಂಪಿನದು. ಅದಕ್ಕೆ ಒಣ ಕೆಮ್ಮು. ಪಾಠದ ನಡುವೆ, ಪ್ರಾರ್ಥನೆಯ ನಡುವೆ, ಗಂಟಲಲ್ಲಿ ಗರಿಯಿಟ್ಟು ಆಡಿಸಿದಂತೆ. ಹಿಂದಿನ ಬೆಂಚಿನಲ್ಲಿ ಯಾರೋ ಅವಳಂತೆಯೇ ಕೆಮ್ಮಿದರು. ಹೆಡ್‌ಮಾಸ್ತರರು ತಮ್ಮ ಕುರ್ಚಿಯನ್ನು ಒಂದಿಷ್ಟು ಆಚೆ ಸರಿಸಿಕೊಂಡು, “ಕಫ ತಪಾಸ್ ಮಾಡಿಸ್ರಿ ಟೀಚರ್, ಮಕ್ಕಳು ಇರ್ತಾರ,” ಎಂದರು. ಇದಂತೂ ಖರೆಯ ಕೆಮ್ಮು, ಔಷಧಿಯದೇ ಕೆಮ್ಮು. ಆದರೆ ಮೊದಲು ಸುಳ್ಳು ಹೇಳಿದವಳಿಗೆ ಈಗ ಖರೆಯನ್ನು ಹೇಳುವಾಗಲೂ ಬಾಯಿ ತಡವರಿಸುತ್ತಿತ್ತು. ಅದನ್ನೂ ಬಿಟ್ಟಳು.

ನಿನ್ನೆ ಡಾಕ್ಟರ ಮೇಜಿನ ಸುತ್ತ ಎಂದಿನಂತೆ ಜನ ನಿಂತಿದ್ದರು. ಅಲ್ಲಿ ಒಬ್ಬರ ಕಾಯಿಲೆಯನ್ನು ಹತ್ತು ಜನ ಕೇಳುತ್ತಾರೆ, ಇಬ್ಬರು ಸಲಹೆ ಕೊಡುತ್ತಾರೆ. ಅವಳ ವಿದ್ಯಾರ್ಥಿನಿಯೊಬ್ಬಳ ತಂದೆ ಪರಮಣ್ಣ ಕೈಗೆ ಬ್ಯಾಂಡೇಜು ಸುತ್ತಿಸಿಕೊಂಡು ಪಕ್ಕದಲ್ಲೇ ಇದ್ದ. ಡಾಕ್ಟರು ಪಾದರಸ ಏರಿದಲ್ಲಿಯೇ ಕಣ್ಣಿಟ್ಟು ಪಟ್ಟಿ ಬಿಚ್ಚಿದರು.

“ನಿಮ್ಮ ತಾಯಿ ಬಿದ್ದಾಗ ಅವರದೂ ಹೆಚ್ಚುಕಡಿಮಿ ಇಷ್ಟೇ ಇತ್ತು ಟೀಚರ್. ಒಂದೂ ಹೊಂದವಲ್ಲವು ನಿಮಗ. ಮೂರೂ ಕೂಡಿಸಿ ಕೊಡಬೇಕೋ, ಕಲಬುರಗಿಗೆ ಬರಕೊಡಬೇಕೋ, ನನಗೇ ತಿಳೀವಲ್ದು.”

ಮೂರೂ ಕೂಡಿಸಿ. ಒಂದನ್ನೂ ಸರಿಯಾಗಿ ನುಂಗದವಳ ಮೇಲೆ ಮೂರನ್ನು ಹೇರಿದರೆ, ಅವಳು ಹೆದರಿ ಮೂರನ್ನೂ ನುಂಗಿಬಿಟ್ಟರೆ ಏನಾದೀತು ಎಂಬುದು ಅವರಿಗೆ ಗೊತ್ತಿಲ್ಲ, ತನಗೆ ಗೊತ್ತು. ಈಗಲಾದರೂ ಹೇಳಬೇಕು. ಶಾಲೆಯಲ್ಲಿ ಜಾಗವಿಲ್ಲ, ಎದುರಿನ ಮನೆಯಲ್ಲಿದೆ, ಆದರೆ... ಆದರೆಯ ಮುಂದಿನದನ್ನು ಪರಮಣ್ಣನ ಮುಂದೆ ಹೇಳುವುದು ಹೇಗೆ? ಅದು ನಡೆದದ್ದೇ ಹೌದೋ ಅಲ್ಲವೋ ಎಂಬುದು ತನಗೇ ಗೊತ್ತಿಲ್ಲದಿರುವಾಗ?

“ಮೊದಲಿನ ಗುಳಿಗಿನೇ ಇರಲಿರಿ,” ಎಂದಳು.

“ಅದಕ್ಕ ತಲಿ ತಿರುಗ್ತದ ಅಂದ್ರಲ್ಲ?”

“ಈಗ ತಿರುಗಂಗಿಲ್ರಿ.”

“ತಗೊಳ್ಳಾರದನ ಹೆಂಗ ಗೊತ್ತಾತ್ರಿ?”

ಸುತ್ತ ನಿಂತವರು ನಕ್ಕರು. ಪರಮಣ್ಣನೂ ನಕ್ಕು, ನಕ್ಕದ್ದು ತಪ್ಪಾಯಿತೆಂಬಂತೆ ಬ್ಯಾಂಡೇಜು ನೋಡಿಕೊಂಡ. ದೇವಕಮ್ಮ ತಲೆ ತಗ್ಗಿಸಿ, “ಸಂಜಿಮುಂದ ತಗೊಂಡ್ರ ನಡೀತದೇನ್ರಿ?” ಎಂದಳು.

“ರಾತ್ರಿ ಎದ್ದೆದ್ದು ಹೋಗಬೇಕಾಗ್ತದ. ಮನ್ಯಾಗ ಅನುಕೂಲ ಅದೇನು?”

ಮನೆಯ ಅನುಕೂಲವೆಂದರೆ ಕಾಲುವೆಯ ಏರಿ. ತಾಯಿ ಬಿದ್ದ ಏರಿ. ರಜೆಯ ಹಗಲಲ್ಲಿ ಓಣಿಯ ಹೆಂಗಸರ ಜೊತೆಯಾದರೂ ಇರುತ್ತಿತ್ತು, ನಡುರಾತ್ರಿ ಅದೂ ಇಲ್ಲ. ಅವಳು ಇಲ್ಲವೆಂದು ತಲೆಯಾಡಿಸಿದಳು. ಡಾಕ್ಟರು ಬಿಳಿ ಗುಳಿಗೆಯನ್ನೇ ಬರೆದು, ಒಂದು ವಾರ, ದಿನವೂ, ಬೆಳಿಗ್ಗೆ, ಒಂದು ದಿನವೂ ತಪ್ಪುವಂತಿಲ್ಲ, ತಪ್ಪಿಸಿದರೆ ತಾನು ಜವಾಬ್ದಾರನಲ್ಲ ಎಂದು ಪ್ರತಿ ಮಾತಿಗೂ ಪೆನ್ನನ್ನು ಮೇಜಿಗೆ ಕುಟ್ಟಿದರು.

ಬಸ್ಸಿಳಿದು ಶಾಲೆಗೆ ಬಂದಾಗ ಸೂಗಮ್ಮ ರಜೆ ಹಾಕಿರುವುದು ತಿಳಿಯಿತು. ಕೆಂಭಾವಿಯಲ್ಲಿ ಅಣ್ಣನ ಮಗಳಿಗೆ ಸೀರೆ ಉಡಿಸುವ ಕಾರ್ಯಕ್ರಮವಂತೆ. ಇವತ್ತೇ ಯಾಕೆ ಎಂದು ದೇವಕಮ್ಮನಿಗೆ ಅವಳ ಮೇಲೆ ಅಕಾರಣ ಸಿಟ್ಟು ಬಂತು. ಕೂಡಲೇ, ಸೂಗಮ್ಮ ಇದ್ದಿದ್ದರೆ ಅವಳ ಬೆನ್ನ ಹಿಂದೆ ಹೋಗುತ್ತಿದ್ದೆನೇ ಎಂದು ಕೇಳಿಕೊಂಡಳು. ಏಳನೆಯ ತರಗತಿಗೆ ನಕಾಶೆ ಬರೆಯಲು ಹೇಳಿ ಕುರ್ಚಿಯಲ್ಲಿ ಕುಳಿತಳು. ಮೊದಲ ಅವಧಿ ಮುಗಿಯುವ ಮೊದಲೇ ಅದು ಶುರುವಾಯಿತು, ಹೊಟ್ಟೆಯ ಕೆಳಗೆ ಒಂದು ಭಾರ, ಆಮೇಲೆ ಉರಿ. ಮಕ್ಕಳ ತಲೆಗಳ ಮೇಲೆ ನದಿಗಳ ಹೆಸರು ಹೇಳುತ್ತಿರುವ ತನ್ನ ಧ್ವನಿ ದೂರದಿಂದ ಕೇಳಿಸುತ್ತಿತ್ತು. ಮೂಲೆಯಲ್ಲಿ ಕುಡಿಯುವ ನೀರಿನ ಮಣ್ಣಿನ ಕೊಡವಿತ್ತು, ಮೇಲೊಂದು ಲೋಟ. ಹುಡುಗರು ಸರದಿಯಂತೆ ಎದ್ದು ಕುಡಿದು ಹೋಗುತ್ತಿದ್ದರು. ಹುಡುಗಿಯರ ಸಾಲಿನಿಂದ ಯಾರೂ ಏಳಲಿಲ್ಲ. ಇದನ್ನು ಇಷ್ಟು ದಿನ ನೋಡಿದ್ದಳೇ? ನೋಡಿರಬೇಕು, ಕಾಣುವುದಕ್ಕೆ ಇವತ್ತು ಬೇಕಾಯಿತು. ಮುಂದಿನ ಸಾಲಿನ ಹುಡುಗಿಯೊಬ್ಬಳು, ಪರಮಣ್ಣನ ಮಗಳು, ಒಣಗಿದ ತುಟಿಯನ್ನು ನಾಲಿಗೆಯಿಂದ ಸವರಿಕೊಂಡು ಕೃಷ್ಣಾ ನದಿಯನ್ನು ನೀಲಿ ಪೆನ್ಸಿಲಿನಲ್ಲಿ ತಿದ್ದುತ್ತಿದ್ದಳು. ಆ ವಯಸ್ಸಿನಲ್ಲಿ ತನಗೆ ನೀರು ಕುಡಿಯದೆ ಇರುವುದನ್ನು ಕಲಿಸಿದ್ದು ಯಾರು? ಯಾರೂ ಕಲಿಸಿರಲಿಲ್ಲ.

ಬಿಡುವಿನ ಗಂಟೆ ಬಾರಿಸಿತು. ದೇವಕಮ್ಮ ಎದ್ದು ನಿಂತವಳು, ರಸ್ತೆ ದಾಟಿದ್ದು ಹೇಗೆಂದು ಆಮೇಲೆ ನೆನಪಾಗಲಿಲ್ಲ. ಬಸ್ಸಮ್ಮ ಪಡಸಾಲೆಯಲ್ಲಿ ಮೊರದ ತುಂಬ ತೊಗರಿಬೇಳೆ ಹಸನು ಮಾಡುತ್ತಿದ್ದಳು.

“ಸೂಗವ್ವ ಬಂದಿಲ್ಲೇನ್ರಿ?”

“ಕೆಂಭಾವಿಗೆ ಹೋಗ್ಯಾಳ್ರಿ.”

“ಹಂಗಾರ ನೀವೊಬ್ರೇ ಬಂದ್ರಿ.”

ಅದು ಪ್ರಶ್ನೆಯೋ, ಸುಮ್ಮನೆ ಆಡಿದ ಮಾತೋ. ದೇವಕಮ್ಮನಿಗೆ ತೂಗಿ ನೋಡುವಷ್ಟು ಹೊತ್ತು ಇರಲಿಲ್ಲ. ಬಸ್ಸಮ್ಮ ಮೊರ ಪಕ್ಕಕ್ಕಿಟ್ಟು, “ಹೋಗ್ರಿ ಹೋಗ್ರಿ, ಹಿತ್ತಲ ಬಾಗ್ಲ ತೆರದೇ ಅದ,” ಎಂದಳು.

ಮರಳಿ ಬರುವಾಗ ಮೈ ಹಗುರವಾಗಿ, ಕಣ್ಣಿಗೆ ಬಿಸಿಲು ಹೊಸದಾಗಿ ಕಂಡಿತು. ಕಲ್ಲುಗಳ ಮೇಲೆ ನಡೆದು ಅಂಗಳದ ಬಾಗಿಲಿಗೆ ಬಂದವಳು, ಈಗ ಹೊರಟುಹೋದರೆ ಹಿಂದಿನಿಂದ ಸದ್ದು ಕೇಳುತ್ತದೆ ಅಥವಾ ಕೇಳುವುದಿಲ್ಲ ಎಂದುಕೊಂಡಳು. ನಾಳೆಯೂ ಬರಬೇಕು, ನಾಡಿದ್ದೂ ಬರಬೇಕು. ದಿನವೂ ಬೆನ್ನನ್ನು ಕಿವಿಯಾಗಿಸಿಕೊಂಡು ಈ ರಸ್ತೆ ದಾಟಲು ತನ್ನಿಂದಾಗದು. ಅವಳು ಹೋಗಲಿಲ್ಲ. ತಿರುಗಿ ನಿಂತಳು.

ಬಸ್ಸಮ್ಮ ತುಂಬಿದ ಕೊಡವನ್ನು ಟೊಂಕದ ಮೇಲಿಟ್ಟುಕೊಂಡು ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ಇವಳನ್ನು ಕಂಡು ಹೆಜ್ಜೆ ತಡೆದಳು.

“ಯಾಕ್ರಿ ಟೀಚರ್, ಏನರ ಬಿಟ್ಟೀರೇನು?”

“ಇಲ್ರಿ.”

ಇಬ್ಬರ ನಡುವೆ ಒಣಗಿದ ಕಲ್ಲುಗಳಿದ್ದವು. ಕೊಡದ ಬಾಯಲ್ಲಿ ನೀರು ತುಳುಕಿ ಬಸ್ಸಮ್ಮನ ಸೀರೆಯ ಮೇಲೆ ಚೆಲ್ಲಿತು, ಅವಳು ಒರೆಸಿಕೊಳ್ಳಲಿಲ್ಲ.

“ನಾ ದಿನಾ ಬರ್ತೀನ್ರಿ ಇನ್ನ,” ಎಂದಳು ದೇವಕಮ್ಮ. ಧ್ವನಿ ಅವಳು ಅಂದುಕೊಂಡದ್ದಕ್ಕಿಂತ ಜೋರಾಗಿ ಬಂತು. “ಬಿ.ಪಿ. ಅದ ನನಗ. ನೀರಿನ ಗುಳಿಗಿ ತಗೊಳ್ಳಾಕತ್ತೀನಿ. ಸಾಲ್ಯಾಗ ಜಾಗಾ ಇಲ್ಲ. ದಿನಕ್ಕ ಎರಡು ಸಲ, ಮೂರು ಸಲನೂ ಬರಬೇಕಾಗ್ತದ. ತಗೊಳ್ಳಲಿಲ್ಲಂದ್ರ ನಮ್ಮವ್ವನಂಗ ಬೀಳ್ತೀನಿ.”

ಡಾಕ್ಟರಿಗೆ ಹೇಳಬೇಕಾದದ್ದನ್ನು ಇಲ್ಲಿ ಹೇಳುತ್ತಿದ್ದೇನೆ ಎಂದು ಹೊಳೆಯಿತು. ಬಸ್ಸಮ್ಮನ ಮುಖದಲ್ಲಿ ಏನು ನಡೆಯುತ್ತಿದೆ ಎಂದು ಓದಲು ನೋಡಿದಳು; ಬಿಸಿಲಿಗೆ ಕಣ್ಣು ಕಿರಿದು ಮಾಡಿದ್ದಷ್ಟೇ ಕಂಡಿತು.

“ನನಗೂ ಅದ ರೀ ಬಿ.ಪಿ.,” ಎಂದಳು ಬಸ್ಸಮ್ಮ ನಿಧಾನವಾಗಿ. “ನಿಮ್ಮದು ಬಿಳೀದೇನು?”

“ಹೌದ್ರಿ.”

“ನಂದು ಹಳದೀದು. ಕಾಲು ಬಾಯ್ತಾವ.”

“ಅದಕ್ಕ ನನ್ನವೂ ಬಾತಿದ್ವು.”

ದೇವಕಮ್ಮ ಬಸ್ಸಮ್ಮನ ಬರಿಗಾಲು ನೋಡಿದಳು. ಉಂಗುರಗಳು ಬಾತ ಬೆರಳಿನಲ್ಲಿ ಹೂತಿದ್ದವು, ಅವಳು ತೆಗೆದಿರಲಿಲ್ಲ.

“ಕೊಡ ಕೆಳಗಿಡ್ರಿ,” ಎಂದಳು. “ಭಾರಾಗ್ತದ.”

ಬಸ್ಸಮ್ಮ ಕೊಡವನ್ನು ಈಗ ಕಂಡವಳಂತೆ ನೋಡಿದಳು. “ಇದಾ? ಇದು...” ಎಂದು, ಪಕ್ಕದ ಕರಿಬೇವಿನ ಗಿಡದ ಕಡೆ ನಡೆದು ಬುಡಕ್ಕೆ ಸುರಿದಳು. ಇಡೀ ಕೊಡ. ಗಿಡದ ಪಾತಿಯಲ್ಲಿ ಬೆಳಗಿನ ನೀರು ಇನ್ನೂ ಇಂಗದೆ ನಿಂತಿತ್ತು. ಈಗ ಸುರಿದದ್ದು ತುಂಬಿ, ಪಾತಿಯ ಅಂಚನ್ನು ದಾಟಿ, ಮಣ್ಣು ಕೊಚ್ಚಿಕೊಂಡು ಕಲ್ಲುಗಳ ಕಡೆಗೆ ಹರಿಯಿತು. ಇಬ್ಬರೂ ಅದನ್ನು ನೋಡಿದರು. ಮೊದಲನೆಯ ಕಲ್ಲಿನ ಅಂಚಿಗೆ ಬಂದು ನೀರು ನಿಂತಿತು.

“ನಾಳಿ ಬರ್ತೀನ್ರಿ.”

“ಹೂಂ ರೀ,” ಎಂದಳು ಬಸ್ಸಮ್ಮ, ಖಾಲಿ ಕೊಡವನ್ನು ಮತ್ತೆ ಟೊಂಕಕ್ಕೇರಿಸಿಕೊಳ್ಳುತ್ತ.

ತರಗತಿ ಇನ್ನೂ ತುಂಬಿರಲಿಲ್ಲ. ಹುಡುಗಿಯರು ಮಾತ್ರ ತಮ್ಮ ಜಾಗದಲ್ಲೇ ಇದ್ದರು. ದೇವಕಮ್ಮ ನೇರ ಮೂಲೆಗೆ ಹೋಗಿ ಲೋಟ ಅದ್ದಿ, ಅಲ್ಲೇ ನಿಂತು ಕುಡಿದಳು, ಪೂರ್ತಿ. ತಣ್ಣಗೆ ಇಳಿಯುವುದು ಎದೆಯವರೆಗೂ ಗೊತ್ತಾಯಿತು. ಎಡ ತುಟಿಗೆ ಬೆರಳಿಟ್ಟು ನೋಡಿಕೊಳ್ಳುವುದು ಮರೆತೇಹೋಗಿತ್ತು. ಪರಮಣ್ಣನ ಮಗಳು ಪೆನ್ಸಿಲು ಕೆಳಗಿಟ್ಟು ಇವಳನ್ನೇ ನೋಡುತ್ತಿದ್ದಳು. ಕಿಟಕಿಯಾಚೆ, ರಸ್ತೆಯ ಆ ಬದಿಯಿಂದ, ನೀರು ಸುರಿದ ಸದ್ದು ಬಂತೋ ಇಲ್ಲವೋ. ಬಂದಿದ್ದರೂ ಕಲ್ಲಿನ ಮೇಲೋ ಮಣ್ಣಿನ ಮೇಲೋ. ಅವಳು ಕಿಟಕಿಯ ಕಡೆ ತಿರುಗಲಿಲ್ಲ. ಲೋಟವನ್ನು ಮತ್ತೊಮ್ಮೆ ಅದ್ದಿದಳು, ತುಂಬಿಸಿ, ಮುಂದಿನ ಬೆಂಚಿನತ್ತ ಚಾಚಿದಳು.